ಖಲ್ವಾಟನ ಕಾಯುವಿಕೆ: ಕೂದಲುದುರುವಿಕೆಯ ಚಿಕಿತ್ಸೆ ನಡೆದುಬಂದ ದಾರಿ

ಭರ್ತೃಹರಿಯ ನೀತಿಶತಕದಲ್ಲಿ ಒಬ್ಬ ಖಲ್ವಾಟ ಬರುತ್ತಾನೆ. ಬಿಸಿಲಿಗೆ ನೆತ್ತಿ ಕಾದು, ನೆರಳನ್ನರಸಿ ಅವನು ಮರದ ಬುಡಕ್ಕೆ ಹೋಗುತ್ತಾನೆ. ಮೇಲಿನಿಂದ ದೊಡ್ಡ ಹಣ್ಣೊಂದು ಬಿದ್ದು ಅವನ ತಲೆಯೊಡೆಯುತ್ತದೆ. ಆ ಮರ ಬಿಲ್ವವೆಂದು ಒಂದು ಪಾಠ, ತಾಳೆಯೆಂದು ಇನ್ನೊಂದು ಪಾಠ. ಭಾಗ್ಯಹೀನನು ಹೋದೆಡೆಗೆಲ್ಲ ಆಪತ್ತೂ ಅವನ ಹಿಂದೆಯೇ ಹೋಗುತ್ತದೆ ಎಂಬುದು ಪದ್ಯದ ತಾತ್ಪರ್ಯ. ವಿಧಿಯ ಪ್ರಾಬಲ್ಯವನ್ನು ಹೇಳಲು ಕವಿಯು ಯಾವ ದುಃಖಿಯನ್ನಾದರೂ ಆರಿಸಿಕೊಳ್ಳಬಹುದಿತ್ತು. ಅವನು ಬೊಕ್ಕತಲೆಯವನನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸ್ಪಷ್ಟವಾಗಿದೆ: ಈ ದುಃಖಿಯನ್ನು ಕಂಡಾಗ ಕೇಳುಗನಿಗೆ ಮರುಕಕ್ಕಿಂತ ಮೊದಲು ನಗೆ ಬರುತ್ತದೆ.

ಈ ನಗೆ ಎಷ್ಟು ಹಳೆಯದೋ ಕೂದಲನ್ನು ಮರಳಿ ಪಡೆಯುವ ಪ್ರಯತ್ನವೂ ಅಷ್ಟೇ ಹಳೆಯದು. ಎರಡರ ಚರಿತ್ರೆಯನ್ನೂ ಸಾಮಾನ್ಯವಾಗಿ ಬೇರೆಬೇರೆಯಾಗಿ ಬರೆಯಲಾಗುತ್ತದೆ; ನಗೆ ಸಾಹಿತ್ಯದ ಪಾಲಿಗೆ, ಮದ್ದು ವೈದ್ಯಶಾಸ್ತ್ರದ ಪಾಲಿಗೆ. ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಕೂದಲುದುರುವಿಕೆ ಎಲ್ಲ ನಾಗರಿಕತೆಗಳೂ ಬಲ್ಲ, ಕಣ್ಣಿಗೆ ನೇರವಾಗಿ ಕಾಣುವ ಸ್ಥಿತಿ. ಅದರ ಮೂಲದ ಒಂದು ಮುಖ್ಯ ಸುಳಿವು ಕ್ರಿಸ್ತಪೂರ್ವದಲ್ಲಿಯೇ ಸಿಕ್ಕಿತ್ತು. ಆದರೂ ಇಂದು ವಂಶಪಾರಂಪರ್ಯದ ಬೊಕ್ಕತಲೆಗೆ ವೈದ್ಯರು ಮುಖ್ಯವಾಗಿ ಬರೆದುಕೊಡುವ ಔಷಧಗಳು ಎರಡೇ. ಆ ಎರಡೂ ಬೇರೆ ರೋಗಗಳ ಚಿಕಿತ್ಸೆಯ ಹಾದಿಯಲ್ಲಿ ದೊರೆತವು. ಸಂಶೋಧನೆ ಆಮೆಯ ನಡೆಯಲ್ಲಿದೆ ಎಂದು ಇಂದಿನ ರೋಗಿಗಳು ಗೊಣಗುವುದುಂಟು. ಆ ಗೊಣಗಾಟ ಬರಿಯ ಅಸಹನೆಯಲ್ಲ, ಅದಕ್ಕೆ ಚರಿತ್ರೆಯ ಆಧಾರವಿದೆ.

ಪ್ರಾಚೀನರ ನೋಟ

ಕ್ರಿ.ಪೂ. 1550ರ ಸುಮಾರಿಗೆ ಸೇರಿದ ಈಜಿಪ್ಟಿನ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ಕೂದಲು ಬೆಳೆಸುವ ಯೋಗಗಳಿವೆ. ನೀರ್ಗುದುರೆ, ಮೊಸಳೆ, ಬೆಕ್ಕು, ಹಾವು ಮೊದಲಾದ ಪ್ರಾಣಿಗಳ ಕೊಬ್ಬನ್ನು ಬೆರೆಸಿ ತಲೆಗೆ ಹಚ್ಚಬೇಕೆಂದು ಅಲ್ಲಿ ಹೇಳಿದೆ. ಪ್ರಾಣಿಯ ಬಲ ಅದರ ಕೊಬ್ಬಿನ ಮೂಲಕ ಮನುಷ್ಯನಿಗೆ ಇಳಿಯುತ್ತದೆಂಬ ನಂಬಿಕೆ ಬಹಳ ಕಾಲ ಬಾಳಿತು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿಯೂ ಕೂದಲಿಗೆಂದು ಕರಡಿಯ ಕೊಬ್ಬು ಮಾರಾಟವಾಗುತ್ತಿತ್ತು.

ಸುಶ್ರುತಸಂಹಿತೆಯ ನಿರೂಪಣೆ ಇದಕ್ಕಿಂತ ಭಿನ್ನವಾದುದು. ನಿದಾನಸ್ಥಾನದ ಕ್ಷುದ್ರರೋಗ ಪ್ರಕರಣದಲ್ಲಿ ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳಿಂದ ಈ ರೋಗವನ್ನು ವಿವರಿಸಲಾಗಿದೆ. ರೋಮಕೂಪವನ್ನು ಹೊಕ್ಕ ಪಿತ್ತವು ವಾತದೊಡನೆ ಸೇರಿ ಕೂದಲನ್ನು ಉದುರಿಸುತ್ತದೆ. ಬಳಿಕ ರಕ್ತದೊಡಗೂಡಿದ ಕಫವು ಆ ಕೂಪವನ್ನು ಮುಚ್ಚಿಬಿಡುವುದರಿಂದ ಹೊಸ ಕೂದಲು ಹುಟ್ಟಲಾರದು. ಚಿಕಿತ್ಸೆಯಾಗಿ ರಕ್ತ ತೆಗೆದು ಕಾಳುಮೆಣಸು, ಮಣಿಶಿಲೆ, ಅನ್ನಭೇದಿ, ಮೈಲುತುತ್ತಗಳ ಕಲ್ಕವನ್ನು ಲೇಪಿಸುವ ವಿಧಾನವಿದೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಉದುರುವುದು ಬೇರೆ, ಮತ್ತೆ ಹುಟ್ಟದಿರುವುದು ಬೇರೆ ಎಂಬ ವಿವೇಚನೆ. ಇನ್ನೊಂದು, ರೋಗಕ್ಕೆ ದೊರೆತಿರುವ 'ಕ್ಷುದ್ರ' ಎಂಬ ವರ್ಗ. ಶಾಸ್ತ್ರದಲ್ಲಿ ಅದು ಸಣ್ಣ ರೋಗಗಳ ಗುಂಪಿನ ಹೆಸರು ಮಾತ್ರ. ಆದರೆ ಈ ವಿಷಯವು ಮುಂದೆ ಲೋಕದ ಕಣ್ಣಿನಲ್ಲಿ ಪಡೆದ ಸ್ಥಾನಕ್ಕೂ ಅದೇ ಹೆಸರು ಒಪ್ಪುತ್ತದೆ.

ಗ್ರೀಕರ ಕೊಡುಗೆ ಒಂದು ಅವಲೋಕನ. ನಪುಂಸಕರಿಗೆ ತಲೆ ಬೊಕ್ಕಾಗುವುದಿಲ್ಲ ಎಂದು ಹಿಪ್ಪೊಕ್ರೇಟಸನ ಹೆಸರಿನಲ್ಲಿರುವ ಸೂತ್ರಗಳಲ್ಲಿ ಒಂದು ಹೇಳುತ್ತದೆ. ಅರಿಸ್ಟಾಟಲನೂ ಇದನ್ನು ದಾಖಲಿಸಿದ್ದಾನೆ. ಬೊಕ್ಕತಲೆಗೂ ಪುರುಷತ್ವದ ಯಾವುದೋ ದ್ರವ್ಯಕ್ಕೂ ಸಂಬಂಧವಿದೆಯೆಂಬ ಸುಳಿವು ಈ ಒಂದು ವಾಕ್ಯದಲ್ಲಿದೆ. ಈ ಸುಳಿವನ್ನು ಹಿಡಿದು ಪ್ರಯೋಗ ನಡೆಸಲು ಸುಮಾರು 2300 ವರ್ಷಗಳು ಬೇಕಾದವು.

ನಗೆಯ ಪರಂಪರೆ

ಆ ನಡುವಿನ ಶತಮಾನಗಳಲ್ಲಿ ಬೊಕ್ಕತಲೆಯ ವಿಷಯವನ್ನು ವೈದ್ಯರಿಗಿಂತ ಹೆಚ್ಚು ಉತ್ಸಾಹದಿಂದ ಎತ್ತಿಕೊಂಡವರು ಸಾಹಿತಿಗಳು. ಬೈಬಲಿನ ಅರಸುಗಳ ಎರಡನೆಯ ಗ್ರಂಥದಲ್ಲಿ ಎಲೀಷನೆಂಬ ಪ್ರವಾದಿಯನ್ನು ಹುಡುಗರು ಬೋಳುತಲೆಯವನೆಂದು ಗೇಲಿ ಮಾಡುತ್ತಾರೆ. ಜೂಲಿಯಸ್ ಸೀಸರನು ಬೊಕ್ಕತಲೆಗಾಗಿ ನೊಂದುಕೊಳ್ಳುತ್ತಿದ್ದನೆಂದೂ ಇದ್ದ ಕೂದಲನ್ನು ಮುಂದಕ್ಕೆ ಬಾಚಿಕೊಳ್ಳುತ್ತಿದ್ದನೆಂದೂ ಸ್ವೆಟೋನಿಯಸ್ ಬರೆದಿದ್ದಾನೆ. ಸೆನೆಟ್ ಕೊಟ್ಟ ಗೌರವಗಳಲ್ಲಿ ಸದಾ ಲಾರೆಲ್ ಮಾಲೆ ಧರಿಸುವ ಹಕ್ಕು ಅವನಿಗೆ ಬಹಳ ಪ್ರಿಯವಾಗಿತ್ತಂತೆ. ಅವನ ವಿಜಯೋತ್ಸವದ ಮೆರವಣಿಗೆಯಲ್ಲಿ ಅವನ ಸೈನಿಕರೇ ಬೊಕ್ಕತಲೆಯನ್ನು ಎತ್ತಿ ಆಡಿ ಹಾಡಿದರು. ಗಾಲ್ ದೇಶವನ್ನು ಗೆದ್ದವನಿಗೂ ಈ ಗೇಲಿಯಿಂದ ವಿನಾಯಿತಿ ಇರಲಿಲ್ಲ.

ನಗೆಗೆ ಪ್ರತಿಯಾಗಿ ಸ್ತುತಿಯೂ ಹುಟ್ಟಿತು. ಡಯೊ ಕ್ರಿಸಾಸ್ಟಮ್ ಎಂಬ ಗ್ರೀಕ್ ವಾಗ್ಮಿ ಕೂದಲನ್ನು ಹೊಗಳಿ ಬರೆದಿದ್ದನು. ಅದಕ್ಕೆ ಉತ್ತರವಾಗಿ ಕ್ರಿ.ಶ. 400ರ ಸುಮಾರಿನಲ್ಲಿ ಸೈರೀನಿನ ಸಿನೀಸಿಯಸ್ ಬೊಕ್ಕತಲೆಯ ಪ್ರಶಂಸೆಯೆಂಬ ಗದ್ಯಕೃತಿಯನ್ನು ರಚಿಸಿದನು. ಡಯೊನ ಬರಹ ಇಂದು ಉಳಿದಿರುವುದು ಈ ಖಂಡನೆಯೊಳಗೆ ಉದ್ಧೃತವಾದ ಕಾರಣದಿಂದ ಎಂಬುದು ಗ್ರಂಥಚರಿತ್ರೆಯ ವಿನೋದ. ಒಂಬತ್ತನೆಯ ಶತಮಾನದಲ್ಲಿ ಹುಕ್‌ಬಾಲ್ಡ್ ಎಂಬ ಸನ್ಯಾಸಿ ಬೊಕ್ಕತಲೆಯವರನ್ನು ಹೊಗಳಿ ಲ್ಯಾಟಿನ್ನಿನಲ್ಲಿ ಕಾವ್ಯ ಬರೆದನು. ಲ್ಯಾಟಿನ್ನಿನಲ್ಲಿ ಬೊಕ್ಕತಲೆಯವನೆಂಬ ಪದದ ಮೊದಲ ಅಕ್ಷರ 'ಸಿ'. ಕಾವ್ಯದ ಪ್ರತಿಯೊಂದು ಪದವೂ ಅದೇ ಅಕ್ಷರದಿಂದ ಆರಂಭವಾಗುತ್ತದೆ. ನಮ್ಮ ಚಿತ್ರಕವಿತ್ವದ ಪರಿಚಯವುಳ್ಳವರಿಗೆ ಇಂತಹ ಶ್ರಮದ ಸ್ವರೂಪ ಸುಲಭವಾಗಿ ತಿಳಿಯುತ್ತದೆ.

ನಿಂದೆ, ಸ್ತುತಿ ಎರಡೂ ಬೊಕ್ಕತಲೆಯನ್ನು ಮಾತಿನ ಚಾತುರ್ಯಕ್ಕೆ ಒದಗಿದ ವಸ್ತುವಾಗಿಯೇ ಕಂಡವು. ಅದು ಚಿಕಿತ್ಸೆ ಬೇಡುವ ಒಂದು ಸ್ಥಿತಿಯೆಂಬ ಗಂಭೀರ ಭಾವನೆಗೆ ಇವೆರಡರಲ್ಲಿಯೂ ಎಡೆಯಿರಲಿಲ್ಲ. ಹೆಂಗಸರ ಪಾಲಿಗಂತೂ ನಗೆಯೂ ಇರಲಿಲ್ಲ. ಅವರಿಗಿದ್ದುದು ಮರೆಮಾಚುವಿಕೆ ಮಾತ್ರ. ವೈದ್ಯನು ನಕ್ಕು ಕಳುಹಿಸುವ ಕಾಯಿಲೆಯವನು ಅಂಗಡಿಗೆ ಹೋಗುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಸದರ್ಲೆಂಡ್ ಸೋದರಿಯರು ಏಳು ಮಂದಿ ತಮ್ಮ ನೀಳವಾದ ಕೂದಲನ್ನು ವೇದಿಕೆಯ ಮೇಲೆ ಬಿಚ್ಚಿ ತೋರಿಸಿ ಹಾಡುತ್ತಿದ್ದರು. ಅವರ ಹೆಸರಿನ ಕೇಶವರ್ಧಕ ದ್ರಾವಣ ಭರದಿಂದ ಮಾರಾಟವಾಯಿತು. ಇಂತಹ ಸರಕಿನ ಹಾವಳಿ ಎಷ್ಟು ಕಾಲ ನಡೆಯಿತೆಂದರೆ, ವೈದ್ಯರ ಚೀಟಿಯಿಲ್ಲದೆ ಮಾರುವ ಕೂದಲು ಬೆಳೆಸುವ ಔಷಧಗಳು ಪರಿಣಾಮಕಾರಿಯೆಂದು ಸಿದ್ಧವಾಗಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಂತಿಮ ನಿಯಮ ಹೊರಡಿಸಿದ್ದು 1989ರಲ್ಲಿ. ಭಾರತದ ಔಷಧ ಮತ್ತು ಪ್ರಸಾಧನ ನಿಯಮಗಳ 'ಜೆ' ಅನುಸೂಚಿಯಲ್ಲಿ, ವಾಸಿಮಾಡುವೆನೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯಿದೆ. ಬೊಕ್ಕತಲೆಯೂ ಅದರಲ್ಲಿ ಸೇರಿದೆ. ಈ ನಿಯಮವಿದ್ದೂ ಗೋಡೆಬರಹಗಳಿಗೂ ಎಣ್ಣೆಯ ಜಾಹೀರಾತುಗಳಿಗೂ ಬರವಿಲ್ಲದಿರುವುದು ಎಲ್ಲರೂ ಬಲ್ಲ ವಿಷಯ.

ಸೂತ್ರದಿಂದ ಪ್ರಯೋಗಕ್ಕೆ

ಗ್ರೀಕ್ ಸೂತ್ರವನ್ನು ಪರೀಕ್ಷೆಗೆ ಒಡ್ಡಿದವನು ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಅಂಗರಚನಾಶಾಸ್ತ್ರಜ್ಞ. 1942ರಲ್ಲಿ ಪ್ರಕಟವಾದ ಅವನ ಪ್ರಬಂಧದ ಪ್ರಕಾರ, ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡವರಿಗೆ ಬೊಕ್ಕತಲೆ ಬರುವುದಿಲ್ಲ; ಆದರೆ ಅಂತಹವರಿಗೆ ಟೆಸ್ಟೊಸ್ಟಿರೋನ್ ಹಾರ್ಮೋನನ್ನು ಕೊಟ್ಟಾಗ, ವಂಶದಲ್ಲಿ ಬೊಕ್ಕತಲೆ ಇದ್ದವರ ಕೂದಲು ಉದುರತೊಡಗುತ್ತದೆ. ಹಾರ್ಮೋನ್, ಆನುವಂಶಿಕತೆ, ವಯಸ್ಸು ಎಂಬ ಮೂರೂ ಕೂಡಿದಾಗ ಈ ಸ್ಥಿತಿ ಉಂಟಾಗುತ್ತದೆಂಬ ಅವನ ನಿರ್ಣಯ ಇಂದಿಗೂ ನಿಂತಿದೆ. ಅವನು 1951ರಲ್ಲಿ ಬೊಕ್ಕತಲೆಯ ಬಗೆಗಳನ್ನು ವರ್ಗೀಕರಿಸಿದನು. 1975ರಲ್ಲಿ ನಾರ್ವುಡ್ ಅದನ್ನು ಪರಿಷ್ಕರಿಸಿದನು. ಚರ್ಮರೋಗ ತಜ್ಞರು ಇಂದು ಬಳಸುವುದು ಇವರಿಬ್ಬರ ಹೆಸರಿನ ಅಳತೆಗೋಲನ್ನೇ.

ಕೂದಲು ನಾಟಿಯ ಚರಿತ್ರೆಯಲ್ಲಿ ಕಾಲಹರಣದ ಇನ್ನೊಂದು ಬಗೆಯನ್ನು ಕಾಣಬಹುದು. ಜಪಾನಿನ ಒಕುಡ ಎಂಬ ವೈದ್ಯನು ಚರ್ಮದ ಸಣ್ಣ ಬಿಲ್ಲೆಗಳನ್ನು ಕೂದಲಿನ ಸಮೇತ ಕೊರೆದು ತೆಗೆದು, ಬೋಳಾದ ಜಾಗದಲ್ಲಿ ನೆಟ್ಟು ಯಶಸ್ವಿಯಾದುದನ್ನು 1939ರಲ್ಲಿ ತನ್ನ ಭಾಷೆಯಲ್ಲಿ ಪ್ರಕಟಿಸಿದನು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಪಾಶ್ಚಾತ್ಯ ವೈದ್ಯಲೋಕಕ್ಕೆ ಆ ಪ್ರಬಂಧದ ಸುದ್ದಿ ಬಹುಕಾಲ ಮುಟ್ಟಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೀಕ್ 1952ರಲ್ಲಿ ಸ್ವತಂತ್ರವಾಗಿ ಇಂತಹ ನಾಟಿಯನ್ನು ಮಾಡಿ, ಅದರ ಫಲಿತಾಂಶವನ್ನು 1959ರಲ್ಲಿ ಪ್ರಕಟಿಸಿದನು. ತಲೆಯ ಹಿಂಭಾಗದ ಕೂದಲನ್ನು ಮುಂಭಾಗದಲ್ಲಿ ನೆಟ್ಟರೂ ಅದು ತನ್ನ ಮೂಲಸ್ಥಾನದ ಗುಣವನ್ನೇ ಉಳಿಸಿಕೊಂಡು ಬೆಳೆಯುತ್ತದೆಂದು ಅವನು ತೋರಿಸಿದನು. ಇಂದಿನ ನಾಟಿ ಶಸ್ತ್ರಚಿಕಿತ್ಸೆಯೆಲ್ಲ ನಿಂತಿರುವುದು ಈ ತತ್ತ್ವದ ಮೇಲೆ. ಆದರೆ ನಾಟಿಯಿಂದ ಕೂದಲಿನ ಸಂಖ್ಯೆ ಹೆಚ್ಚುವುದಿಲ್ಲ. ಒಂದು ಮಡಿಯ ಪೈರನ್ನು ಕಿತ್ತು ಇನ್ನೊಂದು ಮಡಿಯಲ್ಲಿ ನೆಟ್ಟಂತೆ ಅದು ಸ್ಥಾನಪಲ್ಲಟ ಮಾತ್ರ.

ಆಕಸ್ಮಿಕದ ಎರಡು ಔಷಧಗಳು

ಮೊದಲನೆಯ ಔಷಧ ಮಿನಾಕ್ಸಿಡಿಲ್. ಅಮೆರಿಕದ ಅಪ್‌ಜಾನ್ ಕಂಪನಿ ಇದನ್ನು ಸಿದ್ಧಪಡಿಸಿದ್ದು ರಕ್ತದೊತ್ತಡವನ್ನು ತಗ್ಗಿಸುವುದಕ್ಕೆ. 1979ರಲ್ಲಿ ಆ ಉದ್ದೇಶಕ್ಕೆ ಮಾತ್ರೆಯಾಗಿ ಅನುಮತಿ ದೊರೆಯಿತು. ಮಾತ್ರೆ ನುಂಗಿದವರ ಮೈಮೇಲೆ ಬೇಡದ ಕಡೆ ಕೂದಲು ಬೆಳೆಯತೊಡಗಿದ್ದನ್ನು ವೈದ್ಯರು ಕಂಡರು. ಈ ಮಾತ್ರೆಯನ್ನು ಸೇವಿಸುತ್ತಿದ್ದ ಒಬ್ಬ ರೋಗಿಯ ಬೊಕ್ಕತಲೆಯಲ್ಲಿ ಕೂದಲು ಮರಳಿ ಬಂದ ವರದಿ 1980ರಲ್ಲಿ ಪ್ರಕಟವಾಯಿತು. ಒಂದು ರೋಗದ ಔಷಧಕ್ಕೆ ದೋಷವಾಗಿದ್ದುದು ಇನ್ನೊಂದಕ್ಕೆ ಗುಣವಾಯಿತು. 1988ರಲ್ಲಿ ತಲೆಗೆ ಹಚ್ಚುವ ದ್ರಾವಣವಾಗಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಅನುಮತಿ ಸಿಕ್ಕಿತು. ಇದು ಕೂದಲನ್ನು ಬೆಳೆಸುವ ಪೂರ್ಣ ಕ್ರಮ ಇಂದಿಗೂ ನಿಚ್ಚಳವಾಗಿಲ್ಲ. ಹಚ್ಚುವುದನ್ನು ಬಿಟ್ಟರೆ ಕೆಲವು ತಿಂಗಳಲ್ಲಿ ಬಂದ ಕೂದಲೂ ಹೋಗುತ್ತದೆ.

ಎರಡನೆಯದು ಫಿನಾಸ್ಟರೈಡ್. ಇದರ ಮೂಲ ಕೆರಿಬಿಯನ್ ದ್ವೀಪದ ಡೊಮಿನಿಕನ್ ಗಣರಾಜ್ಯದಲ್ಲಿದೆ. ಅಲ್ಲಿನ ಒಂದು ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ತೋರಿ, ಪ್ರಾಯದಲ್ಲಿ ಗಂಡಾಗಿ ಬೆಳೆಯುತ್ತಿದ್ದರು. ಟೆಸ್ಟೊಸ್ಟಿರೋನನ್ನು ಡೈಹೈಡ್ರೊಟೆಸ್ಟೊಸ್ಟಿರೋನ್ ಎಂಬ ಹೆಚ್ಚು ಪ್ರಬಲ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವದ ಕೊರತೆಯೇ ಇದಕ್ಕೆ ಕಾರಣವೆಂದು ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದರು. ಆ ಗಂಡಸರ ಪ್ರೊಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು. ಅವರ ತಲೆಯೂ ಬೊಕ್ಕಾಗುತ್ತಿರಲಿಲ್ಲ. ಮರ್ಕ್ ಕಂಪನಿಯ ಸಂಶೋಧನ ವಿಭಾಗದ ಮುಖ್ಯಸ್ಥನಾಗಿದ್ದ ರಾಯ್ ವ್ಯಾಜೆಲಸ್‌ನ ಗಮನ ಮೊದಲು ಹೋದದ್ದು ಪ್ರೊಸ್ಟೇಟಿನ ಕಡೆಗೆ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ 1992ರಲ್ಲಿ ಪ್ರೊಸ್ಟೇಟ್ ಊತಕ್ಕೆ ಔಷಧವಾಗಿ ಬಂದಿತು. ಬೊಕ್ಕತಲೆಗೆ ಅದರ ಕಡಮೆ ಪ್ರಮಾಣದ ಮಾತ್ರೆಗೆ ಅನುಮತಿ ದೊರೆತದ್ದು 1997ರ ಕೊನೆಯಲ್ಲಿ. ಅವಲೋಕನದಿಂದ ಔಷಧದವರೆಗೆ 23 ವರ್ಷಗಳು ಸಂದಿದ್ದವು. ಕೆಲವರಲ್ಲಿ ಲೈಂಗಿಕ ಅಡ್ಡಪರಿಣಾಮಗಳು ಕಾಣಿಸಿಕೊಂಡವು. ಔಷಧ ಬಿಟ್ಟ ಮೇಲೂ ಅವು ಉಳಿದ ವರದಿಗಳು ಬಂದ ಕಾರಣ 2012ರಲ್ಲಿ ಅಮೆರಿಕದಲ್ಲಿ ಎಚ್ಚರಿಕೆಯ ಮಾತುಗಳನ್ನು ವಿಸ್ತರಿಸಲಾಯಿತು. ಇದೇ ಬಗೆಯ ಡ್ಯುಟಾಸ್ಟರೈಡಿಗೆ ದಕ್ಷಿಣ ಕೊರಿಯ ಮತ್ತು ಜಪಾನ್ ದೇಶಗಳು ಬೊಕ್ಕತಲೆಯ ಚಿಕಿತ್ಸೆಗಾಗಿ ಅನುಮತಿಯಿತ್ತಿವೆ. ಅದೂ ಮೂಲತಃ ಪ್ರೊಸ್ಟೇಟಿನ ಔಷಧವೇ.

ಅರಿವು ಮುಂದೆ, ಔಷಧ ಹಿಂದೆ

1997ರ ಬಳಿಕ ಪ್ರಯೋಗಾಲಯಗಳೇನೂ ಸುಮ್ಮನಿರಲಿಲ್ಲ. ರೋಮಕೂಪದ ತಳದಲ್ಲಿ ಡರ್ಮಲ್ ಪ್ಯಾಪಿಲ್ಲಾ ಎಂಬ ಕೋಶಗಳ ಗುಚ್ಛವಿದೆ. ಕೂದಲು ಬೆಳೆಯಲು ಅಪ್ಪಣೆ ಹೊರಡುವುದು ಅಲ್ಲಿಂದ. ಈ ಕೋಶಗಳನ್ನು ಹೊರಗೆ ಬೆಳೆಸಿ ಮತ್ತೆ ನೆಟ್ಟರೆ ಇಲಿಯಲ್ಲಿ ಕೂದಲು ಹುಟ್ಟುತ್ತದೆಂದು ಕಾಲಿನ್ ಜಹೋಡ ಮತ್ತು ಸಂಗಡಿಗರು 1984ರಲ್ಲಿಯೇ ತೋರಿಸಿದ್ದರು. 1999ರಲ್ಲಿ ಒಬ್ಬ ಗಂಡಸಿನ ತಲೆಯ ರೋಮಕೂಪದಿಂದ ತೆಗೆದ ಕೋಶಗಳನ್ನು ಒಬ್ಬ ಹೆಂಗಸಿನ ತೋಳಿನಲ್ಲಿರಿಸಿ ಹೊಸ ಕೂದಲನ್ನು ಬೆಳೆಸಲಾಯಿತು. ಕೂದಲಿನ ಬೀಜವೇ ಕೈಗೆ ಸಿಕ್ಕಿತೆಂದು ಆಗ ಅನೇಕರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮನುಷ್ಯನ ಈ ಕೋಶಗಳನ್ನು ಸಂಖ್ಯೆಯಲ್ಲಿ ಹೆಚ್ಚಿಸಲು ತಟ್ಟೆಯಲ್ಲಿ ಬೆಳೆಸಿದಾಗ ಅವು ತಮ್ಮ ಗುಣವನ್ನೇ ಮರೆಯುತ್ತವೆ. 2013ರಲ್ಲಿ ಹಿಗಿನ್ಸ್, ಕ್ರಿಶ್ಚಿಯಾನೊ, ಜಹೋಡ ಇವರು ಕೋಶಗಳನ್ನು ಸಣ್ಣ ಉಂಡೆಗಳಾಗಿ ಬೆಳೆಸಿದರೆ ಆ ಗುಣ ಭಾಗಶಃ ಮರಳುವುದೆಂದು ಕಂಡುಕೊಂಡರು. ಏಳು ದಾನಿಗಳ ಕೋಶಗಳಲ್ಲಿ ಐವರದು ಫಲ ಕೊಟ್ಟಿತು. ಅದೂ ಇಲಿಯ ಮೈಮೇಲೆ ಕಸಿಮಾಡಿದ ಮನುಷ್ಯಚರ್ಮದಲ್ಲಿ. ಆಸ್ಪತ್ರೆಯ ಬಾಗಿಲಿಗೆ ಆ ವಿದ್ಯೆ ಇನ್ನೂ ಬಂದಿಲ್ಲ.

ಇನ್ನೊಂದು ಮುಖ್ಯ ಶೋಧ 2011ರದು. ಜಾರ್ಜ್ ಕಾಟ್ಸರೆಲಿಸನ ತಂಡವು ಒಬ್ಬನೇ ವ್ಯಕ್ತಿಯ ಬೋಳಾದ ಮತ್ತು ಕೂದಲಿರುವ ಭಾಗಗಳನ್ನು ಹೋಲಿಸಿ ನೋಡಿ, ಬೋಳಾದಲ್ಲಿಯೂ ರೋಮಕೂಪದ ಕಾಂಡಕೋಶಗಳು ಉಳಿದಿರುತ್ತವೆಂದೂ ಅವುಗಳಿಂದ ಮುಂದಿನ ಹಂತದ ಕೋಶಗಳು ಹುಟ್ಟುವುದು ಮಾತ್ರ ಕುಂದಿರುತ್ತದೆಂದೂ ತಿಳಿಸಿತು. ಕೆರೆಯಲ್ಲಿ ನೀರಿದೆ, ತೂಬು ಮುಚ್ಚಿದೆ ಎಂದಂತಾಯಿತು. ಇದನ್ನು ಸುಶ್ರುತನ ಮುಚ್ಚಿದ ರೋಮಕೂಪದೊಡನೆ ಸಮೀಕರಿಸುವ ಆಸೆ ಯಾರಿಗಾದರೂ ಹುಟ್ಟೀತು, ಅದು ತರವಲ್ಲ. ಎರಡು ಶಾಸ್ತ್ರಗಳ ಪರಿಭಾಷೆಯೂ ಪ್ರಮಾಣವೂ ಬೇರೆ. ರೂಪಕದ ಹೋಲಿಕೆ ಜ್ಞಾನದ ಹೋಲಿಕೆಯಾಗಲಾರದು. 2012ರಲ್ಲಿ ಅದೇ ತಂಡವು ಬೋಳಾದ ಚರ್ಮದಲ್ಲಿ ಪ್ರೊಸ್ಟಗ್ಲಾಂಡಿನ್ ಡಿ2 ಎಂಬ ದ್ರವ್ಯ ಹೆಚ್ಚಾಗಿದ್ದು, ಅದು ಕೂದಲಿನ ಬೆಳವಣಿಗೆಯನ್ನು ತಡೆಯುತ್ತದೆಂದು ಪ್ರಕಟಿಸಿದಾಗ ಪತ್ರಿಕೆಗಳು ಸಂಭ್ರಮಿಸಿದವು. ಆ ದ್ರವ್ಯದ ಕೆಲಸವನ್ನು ತಡೆಯುವ ಸೆಟಿಪಿಪ್ರಾಂಟ್ ಎಂಬ ಔಷಧವನ್ನು ಗಂಡಸರ ಮೇಲೆ ಪರೀಕ್ಷಿಸಿದ ವರದಿ 2021ರಲ್ಲಿ ಹೊರಬಿತ್ತು: ಫಲವಿಲ್ಲ. ಒಂಬತ್ತು ವರ್ಷಗಳ ನಿರೀಕ್ಷೆ ಒಂದು ಪ್ರಬಂಧದಲ್ಲಿ ಮುಗಿಯಿತು. ಇನ್ನು ಐದು ವರ್ಷದಲ್ಲಿ ಮದ್ದು ಬರುತ್ತದೆ ಎಂಬ ಮಾತನ್ನು ಎರಡು ದಶಕಗಳಿಂದ ಕೇಳುತ್ತ ಬಂದವರು ಕಹಿಯಾಗಿ ಮಾತನಾಡಿದರೆ ಅವರನ್ನು ದೂರುವಂತಿಲ್ಲ.

ವಿಳಂಬದ ಕಾರಣಗಳು

ಈ ವಿಳಂಬಕ್ಕೆ ಒಂದೇ ಕಾರಣವನ್ನು ಹೇಳುವುದು ಸುಲಭ, ಆದರೆ ಸರಿಯಲ್ಲ. ಮೊದಲನೆಯದು ಕೂದಲಿನ ಸ್ವಭಾವ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿದ್ದು, ಪ್ರತಿಯೊಂದೂ ತನ್ನದೇ ಕಾಲಗಣನೆಯಲ್ಲಿ ಎರಡರಿಂದ ಆರು ವರ್ಷ ಬೆಳೆದು, ಕೆಲವು ತಿಂಗಳು ವಿರಮಿಸಿ ಉದುರುತ್ತದೆ. ಬೆಳವಣಿಗೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಒಂದು ಔಷಧ ಫಲಿಸಿತೋ ಇಲ್ಲವೋ ಎಂದು ತಿಳಿಯಲು ಆರು ತಿಂಗಳಾದರೂ, ಅನೇಕ ವೇಳೆ ಒಂದು ವರ್ಷವಾದರೂ ಕಾಯಬೇಕು. ರೋಮಕೂಪಗಳೆಲ್ಲ ಗರ್ಭದಲ್ಲಿಯೇ ರೂಪುಗೊಳ್ಳುತ್ತವೆ. ಆ ಪೂರ್ಣ ಅಂಗವನ್ನು ಹುಟ್ಟಿದ ಮೇಲೆ ಹೊಸದಾಗಿ ಕಟ್ಟುವುದು ಒಂದು ಕೋಶವನ್ನು ಬೆಳೆಸಿದಷ್ಟು ಸರಳವಲ್ಲ.

ಎರಡನೆಯದು ಪ್ರಾಣಿಯ ತೊಡಕು. ಇಲಿಗಳಿಗೆ ಮನುಷ್ಯನ ಬಗೆಯ ಬೊಕ್ಕತಲೆ ಬರುವುದಿಲ್ಲ. ಇಲಿಯ ಮೈಕೂದಲು ಅಲೆಯಂತೆ ಒಟ್ಟಿಗೆ ಬೆಳೆಯುತ್ತದೆ. ಅಲ್ಲಿ ಗೆದ್ದದ್ದು ಇಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಮನುಷ್ಯನನ್ನು ಹೋಲುವ ಬೊಕ್ಕತಲೆ ಸಹಜವಾಗಿ ಕಾಣುವುದು ನಮ್ಮ ಈಶಾನ್ಯ ರಾಜ್ಯಗಳಲ್ಲಿಯೂ ಆಗ್ನೇಯ ಏಷ್ಯದಲ್ಲಿಯೂ ವಾಸಿಸುವ ಮೋಟುಬಾಲದ ಕೋತಿಯಲ್ಲಿ. ಆದರೆ ಅಂತಹ ಪ್ರಾಣಿಯ ಮೇಲೆ ಇಲಿಯ ಮೇಲಿನಂತೆ ಯಥೇಚ್ಛವಾಗಿ ಪ್ರಯೋಗ ನಡೆಸಲಾಗದು, ನಡೆಸಲೂಬಾರದು.

ಮೂರನೆಯದು ಹಣ ಮತ್ತು ಗೌರವದ ಪ್ರಶ್ನೆ. 2013ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಬಿಲ್ ಗೇಟ್ಸ್, ಬಡವರನ್ನು ಕೊಲ್ಲುವ ಮಲೇರಿಯದ ಲಸಿಕೆಗಿಂತ ಗಂಡಸರ ಬೊಕ್ಕತಲೆಯ ಸಂಶೋಧನೆಗೆ ಮಾರುಕಟ್ಟೆ ಹೆಚ್ಚು ಹಣ ಕೊಡುತ್ತದೆಂದು ಆಕ್ಷೇಪಿಸಿದರು. ಆ ಆಕ್ಷೇಪದ ನೈತಿಕ ಬಲವನ್ನು ಅಲ್ಲಗಳೆಯಲಾಗದು. ಹಸಿವು, ಜ್ವರ, ಸಾವುಗಳ ಮುಂದೆ ಕೂದಲಿನ ಮಾತು ಕ್ಷುದ್ರವೆಂದು ತೋರುವುದು ಸಹಜ. ಆದರೆ ಈ ಕ್ಷೇತ್ರದಲ್ಲಿ ಹರಿಯುವ ಹಣವೆಲ್ಲ ಸಂಶೋಧನೆಯ ಹಣವಲ್ಲ. ಶಾಂಪೂ, ಎಣ್ಣೆ, ವಿಗ್ಗು, ನಾಟಿಗಳ ವ್ಯಾಪಾರವು ಕಾಯಿಲೆಯ ಮೂಲವನ್ನು ಹುಡುಕಲು ಬದ್ಧವಾದುದಲ್ಲ. ಸೌಂದರ್ಯದ ವಿಷಯವೆಂದು ವಿಮೆಯವರು ಕೈಬಿಡುತ್ತಾರೆ. ಪ್ರಾಣಕ್ಕೆ ಅಪಾಯವಿಲ್ಲದ ಸ್ಥಿತಿಯಾದುದರಿಂದ ಔಷಧದ ಅಡ್ಡಪರಿಣಾಮವನ್ನು ಯಾರೂ ಸೈರಿಸುವುದಿಲ್ಲ, ಸೈರಿಸಬೇಕಾಗಿಯೂ ಇಲ್ಲ.

ವಿಷಯವನ್ನು ರೋಗವೆಂದು ಗಂಭೀರವಾಗಿ ಕಂಡಾಗ ಏನಾಗಬಹುದೆಂಬುದಕ್ಕೆ ಅಲೋಪೀಶಿಯ ಏರಿಯೇಟದ ನಿದರ್ಶನವಿದೆ. ದೇಹದ ರಕ್ಷಣಾವ್ಯವಸ್ಥೆಯೇ ರೋಮಕೂಪಗಳ ಮೇಲೆ ದಾಳಿಮಾಡಿ, ಕೂದಲು ಅಲ್ಲಲ್ಲಿ ನಾಣ್ಯದಗಲ ಇದ್ದಕ್ಕಿದ್ದಂತೆ ಉದುರುವ ಬೇರೆಯೇ ಕಾಯಿಲೆಯಿದು. ಏಂಜೆಲಾ ಕ್ರಿಶ್ಚಿಯಾನೊ ಸ್ವತಃ ಈ ಕಾಯಿಲೆಯನ್ನು ಅನುಭವಿಸಿದ ವಿಜ್ಞಾನಿ. 2014ರಲ್ಲಿ ಅವರ ತಂಡವು ದಾಳಿಯ ಮಾರ್ಗವನ್ನು ಗುರುತಿಸಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಬ್ರೆಟ್ ಕಿಂಗ್, ಸಂಧಿವಾತದ ಔಷಧವಾದ ಟೋಫಾಸಿಟಿನಿಬ್‌ನಿಂದ ಮೈಯ ಕೂದಲೆಲ್ಲ ಹೋಗಿದ್ದ ಯುವಕನಿಗೆ ಕೂದಲು ಮರಳಿದ ವರದಿ ಮಾಡಿದರು. 2022ರಲ್ಲಿ ಅದೇ ವರ್ಗದ ಬ್ಯಾರಿಸಿಟಿನಿಬ್‌ಗೆ ಅನುಮತಿ ದೊರೆಯಿತು. ಅಂತರ ಕೇವಲ ಎಂಟು ವರ್ಷ. ಈ ಔಷಧಗಳಿಗೂ ಅಪಾಯಗಳಿವೆ, ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದೂ ಉಂಟು. ಆದರೂ ಕಾರಣ ಸ್ಪಷ್ಟವಾದಾಗ, ರೋಗಿಯ ಸಂಕಟ ಸಂಕಟವೆಂದೇ ಮನ್ನಣೆ ಪಡೆದಾಗ ಕಾಲ ಕುಗ್ಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

2017ರಲ್ಲಿ ತೆರೆಕಂಡ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಚಲನಚಿತ್ರದ ನಾಯಕ ಜನಾರ್ದನ ಮಂಗಳೂರಿನ ಒಬ್ಬ ಕನ್ನಡ ಉಪನ್ಯಾಸಕ. ಬೊಕ್ಕತಲೆಯ ಕಾರಣದಿಂದ ಅವನಿಗೆ ಹೆಣ್ಣು ಸಿಗುವುದಿಲ್ಲ. ಪ್ರೇಕ್ಷಕರು ಅವನನ್ನು ಕಂಡು ನಗುತ್ತ ಚಿತ್ರಮಂದಿರವನ್ನು ಹೊಕ್ಕರೂ, ಅವನ ಪಕ್ಕದಲ್ಲಿ ನಿಂತು ಲೋಕವನ್ನು ನೋಡಿ ಹೊರಬರುತ್ತಾರೆ. ಭರ್ತೃಹರಿಯ ಖಲ್ವಾಟನಿಗೆ ಹೆಸರಿರಲಿಲ್ಲ; ಇವನಿಗೆ ಹೆಸರಿದೆ, ಮನೆಯಿದೆ, ಮನಸ್ಸಿದೆ. ಬೊಕ್ಕತಲೆಯನ್ನು ಒಪ್ಪಿ ಬಾಳುವುದು ಒಂದು ಘನತೆ. ಚಿಕಿತ್ಸೆ ಬೇಕೆನ್ನುವುದೂ ಅಗೌರವದ ಮಾತಲ್ಲ. ಮರದ ನೆರಳನ್ನು ಅರಸಿ ಹೋದುದು ಆ ಖಲ್ವಾಟನ ತಪ್ಪಾಗಿರಲಿಲ್ಲ. ನೆತ್ತಿ ನಿಜವಾಗಿಯೂ ಸುಡುತ್ತಿತ್ತು.